ಜೂನ್ 3ರ ಮರುದಿನ

ಶಹಾಪುರ ಬಸ್ ನಿಲ್ದಾಣದ ಹತ್ತಿರದ ಚಹಾದಂಗಡಿಯಲ್ಲಿ ನಾವು ನಾಲ್ಕೈದು ಜನ ಕುಳಿತೆವೆಂದರೆ ಎರಡು ಬಸ್ಸು ಬಿಟ್ಟೇ ಏಳುವುದು. ಒಬ್ಬ ಸುರಪುರಕ್ಕೆ ಹೋಗಬೇಕು, ಇನ್ನಿಬ್ಬರು ಯಾದಗಿರಿ ಕಡೆಯ ಬಸ್ ಹಿಡಿಯಬೇಕು, ನಾನು ಊರಲ್ಲೇ ಇರುವವನು. ಆದರೂ ಏಳುವುದಿಲ್ಲ. ಮಾತು ಏನಿರುತ್ತದೆ ಅಂತ ಅಂಗಡಿಯ ಕಾಕಾನಿಗೂ ಗೊತ್ತು. ಪರೀಕ್ಷೆ ಇರಲಿ, ಪ್ಲೇಸ್‌ಮೆಂಟ್ ಇರಲಿ, ಸುತ್ತಿ ಸುತ್ತಿ ಕೊನೆಗೆ ಬಂದು ನಿಲ್ಲುವುದು ಆರ್‌ಸಿಬಿಗೇ.

ಡಿಸೆಂಬರಿನ ಮಿನಿ ಹರಾಜಿನಲ್ಲಿ ವೆಂಕಟೇಶ್ ಅಯ್ಯರ್ ಅವರನ್ನು 7 ಕೋಟಿ ರೂಪಾಯಿಗೆ ಕೊಂಡ ಮೇಲೆ ಮಾತು ಮತ್ತೆ ಕಾವೇರಿದೆ. ಅವರು ಯಾವ ಕ್ರಮಾಂಕದಲ್ಲಿ ಆಡಬೇಕು ಅನ್ನುವ ಚರ್ಚೆ ಹತ್ತು ನಿಮಿಷಕ್ಕೆ ಮುಗಿಯುತ್ತದೆ. ಆಮೇಲೆ ಹಳೆಯ ಪ್ಲೇಆಫ್‌ಗಳು ಶುರು.

"2016ರಾಗ ವಾಟ್ಸನ್‌ಗೆ ಕೊನಿ ಓವರ್ ಕೊಡಬಾರದಿತ್ತಲೇ."

"ಓವರ್ ಮಾತು ಬಿಡಪ್ಪಾ. ಗೇಲ್, ಕೊಹ್ಲಿ ಇಬ್ರೇ 114 ಹೊಡದ ಮ್ಯಾಲ ಉಳಿದವ್ರು ಏನ್ ಮಾಡಿದ್ರು ಅದನ್ನ ಹೇಳು."

ಈ ವಾದ ನಾನು ಕನಿಷ್ಠ ನೂರು ಸಲ ಕೇಳಿದ್ದೇನೆ. ನಾನೂ ಮಾಡಿದ್ದೇನೆ. ಆ ಫೈನಲ್ ನಡೆದಾಗ ನಾನು ಐದನೇ ತರಗತಿ ಮುಗಿಸಿ ರಜೆಯಲ್ಲಿದ್ದೆ. ಮೇ 29, ಭಾನುವಾರ. ಹೈದರಾಬಾದ್ 208 ಹೊಡೆದಿತ್ತು. ವಾಟ್ಸನ್ ಅವರ ಕೊನೆಯ ಓವರ್‌ನಲ್ಲೇ 24 ರನ್ ಹೋಗಿತ್ತು, ಬೆನ್ ಕಟಿಂಗ್ 15 ಎಸೆತಕ್ಕೆ 39 ಬಾರಿಸಿದ್ದರು. ನಮ್ಮವರು ಹತ್ತೂವರೆ ಓವರ್‌ವರೆಗೂ ಒಂದೂ ವಿಕೆಟ್ ಕೊಡದೆ 114 ಮಾಡಿ, ಕೊನೆಗೆ 8 ರನ್‌ನಿಂದ ಸೋತರು. ಆ ಸೀಸನ್‌ನಲ್ಲಿ ಕೊಹ್ಲಿ 973 ರನ್, ನಾಲ್ಕು ಶತಕ ಹೊಡೆದಿದ್ದರು. ಅಷ್ಟೆಲ್ಲ ಮಾಡಿದ ಮನುಷ್ಯನೂ ಸೋಲಬಹುದು ಅನ್ನುವುದು ಹತ್ತು ಹನ್ನೊಂದರ ವಯಸ್ಸಿಗೆ ಅರ್ಥವಾಗುವ ಮಾತಲ್ಲ. ಅಂದು ರಾತ್ರಿ ನಾನು ಉಣ್ಣದೆ ಮಲಗಿದ್ದೆ. ಅವ್ವ "ಆಟಕ್ಕೂ ಊಟಕ್ಕೂ ಏನ್ ಸಂಬಂಧ" ಎಂದು ಬೈದು, ತಟ್ಟೆ ಮುಚ್ಚಿಟ್ಟಿದ್ದಳು.

ಐಪಿಎಲ್ ಶುರುವಾದ 2008ರಲ್ಲಿ ನಾನು ಇನ್ನೂ ತೊದಲುತ್ತಿದ್ದ ಮಗು. ಮೊದಲ ಪಂದ್ಯದಲ್ಲೇ ಚಿನ್ನಸ್ವಾಮಿಯಲ್ಲಿ ಮೆಕಲಮ್ 158 ಹೊಡೆದದ್ದು, ದ್ರಾವಿಡ್ ನಾಯಕತ್ವದ ನಮ್ಮ ತಂಡ 82ಕ್ಕೆ ಮುಗಿದದ್ದು, 2009ರ ಜೊಹಾನ್ಸ್‌ಬರ್ಗ್ ಫೈನಲ್‌ನಲ್ಲಿ ಕುಂಬ್ಳೆ 16 ರನ್‌ಗೆ 4 ವಿಕೆಟ್ ಕಿತ್ತು, ಸೋತ ತಂಡದಲ್ಲಿದ್ದೂ ಪಂದ್ಯಶ್ರೇಷ್ಠರಾದದ್ದು, ಇದ್ಯಾವುದನ್ನೂ ನಾನು ನೋಡಿಲ್ಲ. ಆದರೆ ನೋಡಿದವನಂತೆ ಹೇಳಬಲ್ಲೆ. ನಮ್ಮ ಗುಂಪಿನಲ್ಲಿ ಎಲ್ಲರೂ ಹಾಗೆಯೇ. 2011ರ ಚೆನ್ನೈ ಫೈನಲ್‌ನಲ್ಲಿ ಅಶ್ವಿನ್ ಮೊದಲ ಓವರ್‌ನಲ್ಲೇ ಗೇಲ್ ಅವರನ್ನು ಸೊನ್ನೆಗೆ ಕಳಿಸಿದ್ದನ್ನು ಸುರಪುರದ ಗೆಳೆಯ ವರ್ಣಿಸುವಾಗ ಕೈಯಲ್ಲಿನ ಚಹಾ ತುಳುಕುತ್ತದೆ. ಏಪ್ರಿಲ್ 23 ಅಂದರೆ ನಮಗೆ ಎರಡು ನೆನಪು. 2013ರಲ್ಲಿ ಅದೇ ದಿನ ಗೇಲ್ 175 ಹೊಡೆದು ತಂಡ 263 ಮಾಡಿತು. 2017ರಲ್ಲಿ ಅದೇ ದಿನ ಕೋಲ್ಕತ್ತದಲ್ಲಿ 49ಕ್ಕೆ ಆಲೌಟ್. ಒಬ್ಬರೂ ಎರಡಂಕಿ ಮುಟ್ಟಲಿಲ್ಲ, ಕೇದಾರ್ ಜಾಧವ್ ಅವರ 9 ರನ್ನೇ ಅತಿ ಹೆಚ್ಚು. ಇತಿಹಾಸದ ಮೇಷ್ಟ್ರು ಕೇಳಿದರೆ ಸುರಪುರದ ವೆಂಕಟಪ್ಪ ನಾಯಕರು ಬ್ರಿಟಿಷರ ವಿರುದ್ಧ ತಿರುಗಿಬಿದ್ದ ಇಸವಿಗೆ ತಡವರಿಸುವ ನಾವು, ಇದನ್ನು ನಿದ್ದೆಯಲ್ಲೂ ಹೇಳುತ್ತೇವೆ. (ಅದು 1858. ಈ ಲೇಖನ ಬರೆಯುವ ಮೊದಲು ನಾನೂ ಖಾತ್ರಿ ಮಾಡಿಕೊಂಡೆ.)

ಲೆಕ್ಕದ ವಿಷಯವೂ ಅಷ್ಟೇ. ಇಂಜಿನಿಯರಿಂಗ್ ಮ್ಯಾಥ್ಸ್‌ನಲ್ಲಿ ಬ್ಯಾಕ್ ಉಳಿಸಿಕೊಂಡವನೂ ನೆಟ್ ರನ್ ರೇಟನ್ನು ಬೆರಳ ತುದಿಯಲ್ಲಿ ಮಾಡುತ್ತಾನೆ. 2024ರಲ್ಲಿ ಮೊದಲ ಎಂಟು ಪಂದ್ಯದಲ್ಲಿ ಏಳು ಸೋತು, ಆಮೇಲೆ ಸತತ ಆರು ಗೆದ್ದು ಪ್ಲೇಆಫ್‌ಗೆ ಹೋದೆವಲ್ಲ, ಆ ಮೇ 18ರ ರಾತ್ರಿ ನಮಗೆ ಬರೀ ಗೆಲುವು ಸಾಕಾಗುತ್ತಿರಲಿಲ್ಲ, ಚೆನ್ನೈಯನ್ನು ಕನಿಷ್ಠ 18 ರನ್‌ನಿಂದ ಸೋಲಿಸಬೇಕಿತ್ತು. 218 ಹೊಡೆದಿದ್ದೆವು. ಅಂದರೆ ಚೆನ್ನೈ ಸೋತರೂ ಪರವಾಗಿಲ್ಲ, 201 ಮುಟ್ಟಿದರೆ ಅವರೇ ಮುಂದಕ್ಕೆ. ಕೊನೆಯ ಓವರ್‌ಗೆ 17 ಬೇಕಿತ್ತು. ಯಶ್ ದಯಾಳ್ ಅವರ ಮೊದಲ ಎಸೆತಕ್ಕೇ ಧೋನಿ ಸಿಕ್ಸರ್ ಎತ್ತಿದರು, ಮರು ಎಸೆತದಲ್ಲಿ ಔಟ್. ಆ ಓವರ್‌ನಲ್ಲಿ ಬಂದದ್ದು 7 ರನ್. ನಾಲ್ಕು ದಿನ ಬಿಟ್ಟು ಅಹಮದಾಬಾದಿನ ಎಲಿಮಿನೇಟರ್‌ನಲ್ಲಿ ರಾಜಸ್ಥಾನಕ್ಕೆ ಸೋತು ಮನೆಗೆ ಬಂದೆವು. 'ಬಂದೆವು' ಎನ್ನುತ್ತೇನೆ ನೋಡಿ, ಹೋದದ್ದು ಯಾವಾಗ?

2020, 2021, 2022, 2024. ನಾಲ್ಕೂ ಸಲ ನಾವು ಪ್ಲೇಆಫ್‌ಗೆ ಹೋದದ್ದು ಎಲಿಮಿನೇಟರ್ ಬಾಗಿಲಿನಿಂದ. ಒಂದು ಸೋತರೆ ಮುಗಿಯಿತು ಎನ್ನುವ ಬಾಗಿಲು ಅದು. 2011ರಲ್ಲಿ ಈ ಪ್ಲೇಆಫ್ ಪದ್ಧತಿ ಬಂದಾಗಿನಿಂದ ಮೊದಲ ಎರಡು ಸ್ಥಾನದವರಿಗೆ ಎರಡು ಅವಕಾಶ, ಮೂರು ನಾಲ್ಕನೆಯವರಿಗೆ ಒಂದೇ. ಬದುಕಿನಲ್ಲೂ ಹೀಗೇ ಎಂದು ನಮ್ಮ ಗುಂಪಿನ ಒಬ್ಬ ವೇದಾಂತಿ ಆಗಾಗ ಹೇಳುತ್ತಾನೆ. ಅವನ ಮಾತಿಗೆ ನಾವು ಭಜಿ ತಿನ್ನುತ್ತಾ ಹೂಂಗುಟ್ಟುತ್ತೇವೆ.

ಇಲ್ಲೊಂದು ತಿದ್ದುಪಡಿ. "18 ವರ್ಷ ಕಾದು ಮೊದಲ ಕಪ್" ಎಂದು ನಾವು ಹೇಳಿದಾಗಲೆಲ್ಲ ನಮ್ಮ ತರಗತಿಯ ಒಬ್ಬಳು ಗೆಳತಿ ತಡೆಯುತ್ತಾಳೆ. 2024ರ ಮಾರ್ಚ್ 17ರಂದು ದೆಹಲಿಯಲ್ಲಿ ಸ್ಮೃತಿ ಮಂದಾನ ನಾಯಕತ್ವದ ತಂಡ ಡಬ್ಲ್ಯುಪಿಎಲ್ ಗೆದ್ದಿತ್ತು. ದೆಹಲಿಯನ್ನು 113ಕ್ಕೆ ಮುಗಿಸಿ, 8 ವಿಕೆಟ್‌ನಿಂದ. ಕನ್ನಡತಿ ಶ್ರೇಯಾಂಕಾ ಪಾಟೀಲ್ ಅವರಿಗೆ 12 ರನ್‌ಗೆ 4 ವಿಕೆಟ್. "ಅದೇನು ಬ್ಯಾರೆ ಊರಿನ ಟೀಮಾ?" ಎಂದು ಅವಳು ಕೇಳುತ್ತಾಳೆ. ಉತ್ತರ ಇಲ್ಲ. ಹಾಗೆಯೇ 2022ರಲ್ಲಿ ಗುಲ್ಬರ್ಗ ಮಿಸ್ಟಿಕ್ಸ್ ಎಂಬ ನಮ್ಮ ವಿಭಾಗದ ಹೆಸರಿನ ತಂಡ ಮನೀಷ್ ಪಾಂಡೆ ನಾಯಕತ್ವದಲ್ಲಿ ಮಹಾರಾಜ ಟ್ರೋಫಿ ಗೆದ್ದಿತು. ಪಂದ್ಯಗಳೆಲ್ಲ ನಡೆದದ್ದು ಮೈಸೂರು, ಬೆಂಗಳೂರಿನಲ್ಲಿ. ಅದರ ಹನ್ನೊಂದು ಜನರಲ್ಲಿ ಐವರ ಹೆಸರು ಹೇಳಿ ಅಂದರೆ ಚಹಾದಂಗಡಿ ಗಪ್‌ಚಿಪ್. ಅಭಿಮಾನದ ಲೆಕ್ಕಪುಸ್ತಕದಲ್ಲಿ ನಾವು ಯಾವ ಪುಟ ಬರೆಯುತ್ತೇವೆ, ಯಾವುದನ್ನು ಬಿಡುತ್ತೇವೆ ಅನ್ನುವುದರ ಬಗ್ಗೆ ನನಗೆ ಅನುಮಾನ ಶುರುವಾದದ್ದೇ ಇಂಥ ಮಾತುಗಳಿಂದ. ಆದರೆ ಬಿಟ್ಟ ಪುಟಗಳಲ್ಲಿ ದೊಡ್ಡದು ಬೇರೆಯೇ ಇದೆ.

2025ರ ಮೇ 29. ಮತ್ತೆ ಅದೇ ತಾರೀಖು. ಕ್ವಾಲಿಫೈಯರ್‌ನಲ್ಲಿ ಪಂಜಾಬ್ 101ಕ್ಕೆ ಆಲೌಟ್, ನಾವು ಹತ್ತೇ ಓವರ್‌ನಲ್ಲಿ ಗೆದ್ದೆವು. ಒಂಬತ್ತು ವರ್ಷದ ಹಿಂದಿನ ಮುಚ್ಚಿಟ್ಟ ತಟ್ಟೆ ನೆನಪಾಗಿ, ಅವತ್ತು ಎರಡು ರೊಟ್ಟಿ ಹೆಚ್ಚಿಗೆ ತಿಂದೆ. ಜೂನ್ 3ರ ಫೈನಲ್‌ಗೆ ಎಲ್ಲರೂ ಗೆಳೆಯನ ಮನೆಯಲ್ಲಿ ಸೇರಿದ್ದೆವು. 190 ಸಾಕಾ, ಸಾಲದಾ? ಕೃಣಾಲ್ ಪಾಂಡ್ಯ ನಾಲ್ಕು ಓವರ್‌ಗೆ 17 ರನ್ ಕೊಟ್ಟು ಎರಡು ವಿಕೆಟ್ ತೆಗೆದಾಗ ಸ್ವಲ್ಪ ಉಸಿರು ಬಂತು. ಕೊನೆಯ ಓವರ್‌ಗೆ ಪಂಜಾಬ್‌ಗೆ 29 ಬೇಕು. ಹೇಜಲ್‌ವುಡ್ ಮೊದಲ ಎರಡು ಎಸೆತ ಖಾಲಿ ಹಾಕಿದರು. ಅಷ್ಟರಲ್ಲೇ ಕೊಹ್ಲಿ ಕಣ್ಣಲ್ಲಿ ನೀರು. ಆಮೇಲೆ ಶಶಾಂಕ್ ಸಿಂಗ್ 6, 4, 6, 6 ಹೊಡೆದರೂ ನಾವು ನೋಡುತ್ತಿದ್ದದ್ದು ಕೊಹ್ಲಿಯ ಮುಖವನ್ನೇ. 6 ರನ್ ಗೆಲುವು. 2009ರಲ್ಲಿ ಡೆಕ್ಕನ್ ಚಾರ್ಜರ್ಸ್‌ಗೆ ಸೋತದ್ದೂ 6 ರನ್‌ನಿಂದಲೇ. ನಡುರಾತ್ರಿ ಬೈಕುಗಳು, ಪಟಾಕಿ, ಯಾರದೋ ಡಿಜೆ. ಗೆಳೆಯನ ಅಪ್ಪ, ಕ್ರಿಕೆಟ್ ಅಂದರೆ ಮುಖ ಸಿಂಡರಿಸುವವರು, ಹೊರಗೆ ಬಂದು ನಮ್ಮ ಕೈಗೆ ಬೆಲ್ಲದ ಚೂರು ಕೊಟ್ಟು ಒಳಗೆ ಹೋದರು.

ಮರುದಿನ ಬೆಳಿಗ್ಗೆ ಎದ್ದಾಗ ಮೊಬೈಲ್ ತುಂಬಾ ಒಂದೇ ಸುದ್ದಿ. ತಂಡ ಬೆಂಗಳೂರಿಗೆ ಬರುತ್ತದೆ, ವಿಜಯಯಾತ್ರೆ ಇದೆ. ನನ್ನ ಸೋದರಮಾವನ ಮಗ ಬೆಂಗಳೂರಿನಲ್ಲಿರುತ್ತಾನೆ. ಮಾವನ ಕುಟುಂಬ ಕಟ್ಟಡ ಕೆಲಸಕ್ಕೆಂದು ಗುಳೆ ಹೋಗಿ ಅಲ್ಲೇ ಉಳಿದಿದೆ. ನಮ್ಮ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪ್ರತಿ ಹಳ್ಳಿಯಲ್ಲೂ ಬೀಗ ಹಾಕಿದ ಮನೆಗಳಿವೆ, ಯಾದಗಿರಿ ಸ್ಟೇಷನ್‌ನಲ್ಲಿ ಗಂಟುಮೂಟೆಯೊಂದಿಗೆ ಕುಳಿತವರು ವರ್ಷವಿಡೀ ಕಾಣುತ್ತಾರೆ. ಆ ಪೋಸ್ಟನ್ನು ಅವನಿಗೆ ಕಳಿಸಿದವನು ನಾನು. ಜೊತೆಗೆ ಬರೆದೆ: "ಹೋಗಲೇ, ನಮ್ಮೆಲ್ಲರ ಪರವಾಗಿ ನೋಡಿ ಬಾ. ವಿಡಿಯೋ ಹಾಕು."

ಅವನು ಹೋದ. ನಾಲ್ಕು ಗಂಟೆಯ ಹೊತ್ತಿಗೆ ಒಂದು ಫೋಟೊ ಬಂತು, ಬರೀ ತಲೆಗಳು ಮತ್ತು ಕೆಂಪು ಬಾವುಟ. ಆಮೇಲೆ ಏನೂ ಇಲ್ಲ. ಐದೂವರೆ, ಆರರ ಹೊತ್ತಿಗೆ ಟಿವಿಯಲ್ಲಿ ಬರತೊಡಗಿತು. ಮೊದಲು ಮೂವರು, ಆಮೇಲೆ ಏಳು, ರಾತ್ರಿಗೆ ಹನ್ನೊಂದು. ಅವನ ಫೋನ್ ಹತ್ತುತ್ತಿರಲಿಲ್ಲ. ಅತ್ತೆ ಊರಿಗೆ ಫೋನ್ ಮಾಡಿ ಅವ್ವನ ಹತ್ತಿರ ಅಳುತ್ತಿದ್ದಳು. "ಯಾರ್ ಕಳಸ್ಯಾರೋ ಏನೋ ಇಂವ್ನ" ಅನ್ನುತ್ತಿದ್ದಳು. ಅವ್ವ ಫೋನನ್ನು ಲೌಡ್ ಸ್ಪೀಕರ್‌ನಲ್ಲಿಟ್ಟಿದ್ದಳು, ನಾನು ಪಕ್ಕದಲ್ಲೇ ನಿಂತಿದ್ದೆ. ರಾತ್ರಿ ಒಂಬತ್ತು ದಾಟಿದ ಮೇಲೆ ಅವನು ಬೇರೆಯವರ ಮೊಬೈಲಿನಿಂದ ಕರೆ ಮಾಡಿದ. ಚಪ್ಪಲಿ ಒಂದೇ ಉಳಿದಿತ್ತು, ಫೋನ್ ಹೋಗಿತ್ತು, ಪಕ್ಕೆಲುಬು ನೋಯುತ್ತಿತ್ತು. ಬದುಕಿದ್ದ.

ಬದುಕಿ ಬಾರದ 11 ಜನರಲ್ಲಿ ಹಲವರು ವಿದ್ಯಾರ್ಥಿಗಳು, ನನ್ನ ವಯಸ್ಸಿನ ಆಸುಪಾಸಿನವರು. ಅವರಲ್ಲಿ ನಮ್ಮ ಯಾದಗಿರಿ ಜಿಲ್ಲೆಯ ಮೂಲದ ಒಬ್ಬ ಹುಡುಗನೂ ಇದ್ದ. ಚಿನ್ನಸ್ವಾಮಿ ಕ್ರೀಡಾಂಗಣ ನಮ್ಮೂರಿನಿಂದ ಐನೂರು ಕಿಲೊಮೀಟರ್ ಆಸುಪಾಸು. ಟಿಕೆಟ್ ತೆಗೆದು ಒಳಗೆ ಕುಳಿತು ಪಂದ್ಯ ನೋಡಿದವರು ನಮ್ಮ ಗುಂಪಿನಲ್ಲಿ ಒಬ್ಬರೂ ಇಲ್ಲ. ನಮ್ಮ ಕಡೆಯವರಲ್ಲಿ ಆ ಗೇಟಿನ ಹತ್ತಿರ ಇದ್ದವರೆಂದರೆ ಹೆಚ್ಚಾಗಿ ದುಡಿಯಲು ಹೋದವರು, ಅವರ ಮಕ್ಕಳು. ಟಿಕೆಟ್ ದುಡ್ಡಿಲ್ಲದವನಿಗೆ ಪುಕ್ಕಟೆಯಾಗಿ ತಂಡವನ್ನು ಕಣ್ತುಂಬ ನೋಡುವ ದಿನ ಎಂದರೆ ಅದೊಂದೇ ಆಗಿತ್ತು. ಇದನ್ನು ಯೋಚಿಸದೆ "ಕೆಲಸ ಬಿಟ್ಟು ಯಾಕೆ ಹೋಗಬೇಕಿತ್ತು" ಅನ್ನುವವರ ಜೊತೆ ನನಗೆ ಜಗಳವಿದೆ.

ಹೊಣೆ ಯಾರದು ಅನ್ನುವುದು ನ್ಯಾಯಮೂರ್ತಿ ಮೈಕೆಲ್ ಡಿಕುನ್ಹಾ ಆಯೋಗದ ಮುಂದೆ, ಹೈಕೋರ್ಟ್ ಮುಂದೆ ಬಂದ ವಿಷಯ. ಪೊಲೀಸ್ ಅಧಿಕಾರಿಗಳ ಅಮಾನತು, ಪರಿಹಾರದ ಮೊತ್ತ, ಮಹಿಳಾ ವಿಶ್ವಕಪ್ ಪಂದ್ಯಗಳು ಬೆಂಗಳೂರಿನಿಂದ ನವಿ ಮುಂಬೈಗೆ ಹೋದದ್ದು ಎಲ್ಲ ಪತ್ರಿಕೆಯಲ್ಲಿ ಓದಿದ್ದೇವೆ. ಅದರಲ್ಲಿ ತೀರ್ಪು ಕೊಡಲು ನಾನು ಯಾರೂ ಅಲ್ಲ. ಆದರೆ ಒಂದು ಪದದ ಬಗ್ಗೆ ನನಗೆ ತಕರಾರಿದೆ. ಕಾಲ್ತುಳಿತ.

ಆ ಪದ ಕೇಳಿದರೆ ಕಣ್ಣಮುಂದೆ ಬರುವುದು ಹುಚ್ಚೆದ್ದು ಓಡುವ ಜನ, ಬಿದ್ದವರನ್ನು ತುಳಿಯುವ ಕಾಲು. ನಮ್ಮ ಮಾವನ ಮಗ ಹೇಳಿದ್ದು ಬೇರೆ. "ಓಡಾಕ ಜಾಗಾನೇ ಇರಲಿಲ್ಲಣ್ಣ. ಕೈ ಮ್ಯಾಲ ಎತ್ತಿದ್ದು ಕೆಳಗ ಇಳಿಸಾಕ ಆಗಲಿಲ್ಲ. ನಾ ನಡೀಲಿಲ್ಲ, ನನ್ನ ಒಯ್ದ್ರು." ನಮ್ಮ ಫ್ಲೂಯಿಡ್ ಮೆಕ್ಯಾನಿಕ್ಸ್ ಪಾಠ ನೆನಪಾಯಿತು. ಜನಸಂದಣಿಯನ್ನು ಅಧ್ಯಯನ ಮಾಡಿದವರು ಹೇಳುವುದೂ ಇದನ್ನೇ. ಒಂದು ಚದರ ಮೀಟರ್‌ನಲ್ಲಿ ಆರೇಳು ಜನ ಆದರೆಂದರೆ ಅದು ಜನರ ಗುಂಪಾಗಿ ಉಳಿಯುವುದಿಲ್ಲ, ದ್ರವದಂತೆ ವರ್ತಿಸುತ್ತದೆ. ಹಿಂದೆ ಯಾರೋ ಒಂದು ಹೆಜ್ಜೆ ಒತ್ತಿದರೆ ಆ ಅಲೆ ಮುಂದಿನ ಗೇಟಿಗೆ ಬಂದು ಬಡಿಯುತ್ತದೆ. ಹಿಂದಿನವನಿಗೆ ಮುಂದೆ ಏನಾಗಿದೆ ಗೊತ್ತಿರುವುದಿಲ್ಲ, ಮುಂದಿನವನಿಗೆ ಹಿಂದೆ ಸರಿಯಲು ಆಗುವುದಿಲ್ಲ. ಇಂಥ ದುರಂತಗಳಲ್ಲಿ ಬಹಳಷ್ಟು ಜನ ಸಾಯುವುದು ತುಳಿತದಿಂದಲ್ಲ, ಎದೆ ಅರಳಲು ಜಾಗವಿಲ್ಲದೆ, ಉಸಿರುಗಟ್ಟಿ. ಎಷ್ಟೋ ಸಲ ನಿಂತಲ್ಲೇ. ಸುಮಾರು 35 ಸಾವಿರ ಜನ ಹಿಡಿಸುವ ಕ್ರೀಡಾಂಗಣದ ಸುತ್ತ ಎರಡು ಮೂರು ಲಕ್ಷ ಜನ ಸೇರಿದ್ದರು ಎಂದು ಅಂದು ಮುಖ್ಯಮಂತ್ರಿಗಳೇ ಹೇಳಿದ್ದರು. ಅಷ್ಟು ಹರಿವನ್ನು ಕೆಲವೇ ಕಿರಿದಾದ ಗೇಟುಗಳಿಗೆ ಬಿಟ್ಟರೆ ಒತ್ತಡ ಎಲ್ಲಿಗೆ ಹೋಗಬೇಕು? ಅಲ್ಲಿ "ಶಿಸ್ತು" ಎಂಬ ಉಪದೇಶ ಕೆಲಸಕ್ಕೆ ಬರುವುದಿಲ್ಲ. ಗೇಟಿನ ಅಗಲ, ಬರುವ ದಾರಿ, ಹೋಗುವ ದಾರಿ, ಎಷ್ಟು ಜನ ಬರಬಹುದು ಎಂಬ ಅಂದಾಜು, ಮೊದಲೇ ಕೊಡುವ ಸ್ಪಷ್ಟ ಸೂಚನೆ, ಇವು ಬರುತ್ತವೆ. ಇದು ಇಂಜಿನಿಯರಿಂಗ್ ಕೆಲಸ. ಸಿವಿಲ್ ಓದುವ ಗೆಳೆಯರೇ, ಪ್ರಾಜೆಕ್ಟ್‌ಗೆ ವಿಷಯ ಸಿಕ್ಕಿಲ್ಲ ಅನ್ನುತ್ತೀರಲ್ಲ, ನಮ್ಮೂರ ಜಾತ್ರೆಗಳಿಂದಲೇ ಶುರು ಮಾಡಬಹುದು.

ನನಗೆ ಹೆಚ್ಚು ಕಾಡುವುದು ಇದಾದ ಮೇಲಿನ ನಮ್ಮ ಮೌನ. ಚಹಾದಂಗಡಿಯಲ್ಲಿ ಜೂನ್ 3ರ ಪ್ರತಿ ಎಸೆತದ ಚರ್ಚೆ ಆಗುತ್ತದೆ. ಆಮೇಲೆ ಮಾತು ನೇರ ಮುಂದಿನ ಸೀಸನ್‌ಗೆ ಜಿಗಿಯುತ್ತದೆ. ನಡುವೆ ಯಾರಾದರೂ ಜೂನ್ 4 ಎಂದರೆ, "ಅದು ಬ್ಯಾಡ ಬಿಡು" ಎನ್ನುತ್ತಾರೆ. ಇಲ್ಲವೇ ಸರ್ಕಾರದ ತಪ್ಪು, ತಂಡದ ತಪ್ಪು, ಪೊಲೀಸರ ತಪ್ಪು ಎಂದು ಪಕ್ಷ ಹಿಡಿದು ಕೂಗಾಡಿ, ಅಲ್ಲಿಗೆ ಮುಗಿಸುತ್ತಾರೆ. ಬೇರೆ ತಂಡದ ಅಭಿಮಾನಿಗಳು ಅದನ್ನು ಚುಚ್ಚಲು ಬಳಸುತ್ತಾರೆ ಎಂಬ ಅಂಜಿಕೆಯೂ ಇದೆ. ಅದು ಸುಳ್ಳಲ್ಲ, ಬಳಸಿದ್ದಾರೆ. ಸತ್ತವರ ಹೆಸರಿನಲ್ಲಿ ಮೀಮ್ ಮಾಡಿದವರನ್ನೂ ನೋಡಿದ್ದೇನೆ.

ಇಂಗ್ಲೆಂಡಿನ ಲಿವರ್‌ಪೂಲ್ ಫುಟ್‌ಬಾಲ್ ತಂಡದ ಅಭಿಮಾನಿಗಳ ಕಥೆ ಇತ್ತೀಚೆಗೆ ಓದಿದೆ. 1989ರ ಏಪ್ರಿಲ್ 15ರಂದು ಶೆಫೀಲ್ಡ್‌ನ ಹಿಲ್ಸ್‌ಬರೋ ಮೈದಾನದಲ್ಲಿ ಎಫ್‌ಎ ಕಪ್ ಸೆಮಿಫೈನಲ್ ವೇಳೆ ಇಂಥದೇ ಒತ್ತಡದಲ್ಲಿ ಸಿಕ್ಕು ಪ್ರಾಣ ಬಿಟ್ಟವರು 97 ಜನ. ಕೊನೆಯವರು ಆ ಗಾಯಗಳಿಂದಲೇ ನರಳಿ 2021ರಲ್ಲಿ ತೀರಿಕೊಂಡರು. ಮೊದಲು ತಪ್ಪನ್ನೆಲ್ಲ ಅಭಿಮಾನಿಗಳ ತಲೆಗೇ ಕಟ್ಟಿದ್ದರು, ಕುಡಿದು ಬಂದು ಗಲಾಟೆ ಮಾಡಿದರು ಎಂದು ಪತ್ರಿಕೆಗಳು ಬರೆದಿದ್ದವು. ಮೃತರ ಮನೆಯವರು, ಅಭಿಮಾನಿಗಳು ಬಿಡಲಿಲ್ಲ. 27 ವರ್ಷದ ನಂತರ, 2016ರಲ್ಲಿ, ಅಭಿಮಾನಿಗಳ ನಡವಳಿಕೆ ಕಾರಣವಲ್ಲ ಎಂದು ಜ್ಯೂರಿ ಹೇಳಿತು. ಇವತ್ತಿಗೂ ಆ ತಂಡದ ಜೆರ್ಸಿಯ ಬೆನ್ನಿನ ಮೇಲೆ, ಕತ್ತಿನ ಹತ್ತಿರ, 97 ಎಂಬ ಅಂಕಿ ಇದೆ. ಅಲ್ಲಿನ ಅಭಿಮಾನಿ ತನ್ನ ತಂಡದ ಇತಿಹಾಸ ಹೇಳುವಾಗ ಕಪ್‌ಗಳ ಜೊತೆ ಅದನ್ನೂ ಹೇಳುತ್ತಾನೆ. ಅದರಿಂದ ಅವನ ಅಭಿಮಾನವೇನೂ ಕಡಿಮೆ ಆದಂತಿಲ್ಲ.

2009, 2011, 2016ರ ಸೋಲುಗಳನ್ನು ನಾವು ಎದೆಗೆ ಕಟ್ಟಿಕೊಂಡು ಓಡಾಡಿದವರು. ಊರೆಲ್ಲ ನಕ್ಕಾಗಲೂ "ಈ ಸಲ ಕಪ್ ನಮ್ದೇ" ಅಂದವರು. ಅಷ್ಟು ನೋವು ಹೊತ್ತವರಿಗೆ ಈ ಹನ್ನೊಂದು ಜನರನ್ನು ನೆನಪಿಡುವುದು ಭಾರವಾಗಬಾರದು. ಅವರು ಎದುರಾಳಿಗಳಲ್ಲ, ನಮ್ಮವರು. ನಮ್ಮದೇ ಘೋಷಣೆ ಕೂಗುತ್ತ ಹೋದವರು. ನಾನು ಕಳಿಸಿದಂಥದ್ದೇ ಮೆಸೇಜು ಅವರ ಮೊಬೈಲಿಗೂ ಯಾರೋ ಗೆಳೆಯ ಕಳಿಸಿರಬಹುದು.

ಕಳೆದ ವಾರ ಚಹಾದಂಗಡಿಯಲ್ಲಿ ಇದನ್ನೆಲ್ಲ ಬಾಯಿಬಿಟ್ಟು ಹೇಳಿದೆ, ಮೆಸೇಜು ಕಳಿಸಿದ ಮಾತೂ ಸೇರಿ. ಅತ್ತೆಗೆ ಇನ್ನೂ ಹೇಳಿಲ್ಲ. ಸುರಪುರದ ಗೆಳೆಯ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ನಾನೂ ನಮ್ಮಣ್ಣಗ ಕಳಿಸಿದ್ನಲೇ. ಅಂವ ಡ್ಯೂಟಿ ಇತ್ತಂತ ಹೋಗಲಿಲ್ಲ" ಅಂದ. ಅವತ್ತು ಮತ್ತೆ ವಾಟ್ಸನ್ ಓವರ್ ಮಾತು ಬರಲಿಲ್ಲ. ಕಾಕಾ ತಾನಾಗಿಯೇ ಇನ್ನೊಂದು ಸುತ್ತು ಚಹಾ ಕೊಟ್ಟ.

ಸಂಜೆ ಮಾವನ ಮಗನಿಗೆ ಫೋನ್ ಮಾಡಿದೆ. ಪಕ್ಕೆ ನೋವು ಹೋಗಿದೆಯಂತೆ, ಹೊಸ ಮೊಬೈಲಿನ ಕಂತು ಇನ್ನೂ ನಾಲ್ಕು ಬಾಕಿ ಇವೆಯಂತೆ. ಮ್ಯಾಚ್ ನೋಡ್ತೀಯಾ ಈ ಸಲ ಎಂದೆ. "ನೋಡ್ತೀನಿ. ಮನ್ಯಾಗ ಕುಂತು" ಅಂದ. ಆಮೇಲೆ ಅವನೇ ಕೇಳಿದ, "ವೆಂಕಟೇಶ್ ಅಯ್ಯರ್‌ನ ಎಷ್ಟನೇದವನಾಗಿ ಕಳಸ್ತಾರಣ್ಣ?"